ಎಡಗೈಯ ಮೇಲೆ ಆಕಳಿಸಿದವನಿಗೆ ಕೋಣೆ ಕೊಟ್ಟದ್ದು

ಕುಂಬಳಕಾಯಿ ಹೆಚ್ಚುವಾಗ ಹೋಳು ಜಾರಿ ನನ್ನ ಎಡ ಅಂಗೈ ಈಳಿಗೆಯ ಅಲಗಿನ ಮೇಲೆ ಬಿತ್ತು. ಅದರಲ್ಲಿ ಈಳಿಗೆಯ ತಪ್ಪಿಲ್ಲ, ಕುಂಬಳದ ತಪ್ಪಿಲ್ಲ, ನನ್ನದು ಸ್ವಲ್ಪ ಇದೆ. ಹಾಗಾಗಿ ಅಷ್ಟಕ್ಕೆ ನಾನು ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಲಿಲ್ಲ. ಸಿಟ್ಟು ಬಂದದ್ದು ಆಮೇಲೆ, ಆಸ್ಪತ್ರೆಯಲ್ಲಿ, ಹೊಲಿಗೆ ಹಾಕುತ್ತಿದ್ದವನು ನನ್ನ ಬಿಚ್ಚಿದ ಅಂಗೈಯ ಮೇಲೆ ಬಾಯಿ ತೆರೆದು ಆಕಳಿಸಿದಾಗ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ತವರು ಹರಿಹರ. ಮದುವೆಯಾಗಿ ದಾವಣಗೆರೆಗೆ ಬಂದವಳು. ನಮ್ಮನೆಯವರು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ಮಿಲ್ಲಿನ ಕೂಗಿಗೆ ಎದ್ದು ಮಿಲ್ಲಿನ ಕೂಗಿಗೆ ಉಣ್ಣುವ ಗಲ್ಲಿ ನಮ್ಮದು. ಊರಲ್ಲಿ ಆಗ ಒಬ್ಬ ದೊಡ್ಡ ಸರ್ಜನ್ ತಮ್ಮದೇ ಆಸ್ಪತ್ರೆ ನಡೆಸುತ್ತಿದ್ದರು. ಆ ಆಸ್ಪತ್ರೆ ಈಗಿಲ್ಲ. ಡಾಕ್ಟರ್ ಪರೀಕ್ಷೆ ಮುಗಿಸಿದ ಹುಡುಗರು ಕೊಯ್ಯುವ, ಹೊಲಿಯುವ ಕೆಲಸ ಕಲಿಯಲು ಅವರ ಕೈಕೆಳಗೆ ಬಂದಿರುತ್ತಿದ್ದರು. ಆ ದಿನ ನನ್ನ ಪಾಲಿಗೆ ಬಂದವನು ಆನಗೋಡಿನ ಆಚೆಯ ಹಳ್ಳಿಯವನು. ಇಪ್ಪತ್ತೈದರ ಒಳಗಿನ ವಯಸ್ಸು.

ಕೈಗೆ ಮರಗಟ್ಟುವ ಸೂಜಿ ಕೊಟ್ಟಿದ್ದರು. ನೋವಿರಲಿಲ್ಲ, ಆದರೆ ಎಚ್ಚರವಾಗಿಯೇ ಇದ್ದೆ. ನಾನು ಕೌದಿ ಹೊಲಿಯುವವಳು. ಹಳೆ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದು ಹೊದಿಕೆ ಮಾಡುವುದು ನಮ್ಮ ಕಡೆ ಎಲ್ಲ ಹೆಂಗಸರ ಕೆಲಸ. ಆದ್ದರಿಂದ ಅವನ ಸೂಜಿ ಹೋಗುವ ದಾರಿ ನೋಡುತ್ತ ಕೂತೆ. ಮೊದಲ ನಾಲ್ಕು ಹೊಲಿಗೆ ನನ್ನ ತಾಯಿ ಹಾಕಿದಂತೆ ಇದ್ದವು. ಐದನೆಯದು ಓರೆಯಾಯಿತು. ಆರನೆಯದಕ್ಕೆ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ತಲೆ ಒಂದು ಸಲ ಕೆಳಗೆ ಹೋಗಿ ಮೇಲೆ ಬಂತು. ಆಮೇಲೆ ಆಕಳಿಸಿದ. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ನಾನು ಅಂದುಕೊಂಡೆ, ಗುಮಾಸ್ತನ ಹೆಂಡತಿಯ ಕೈ ಇವನಿಗೆ ಹರಿದ ಗೋಣಿಚೀಲಕ್ಕೆ ಸಮ.

ಹೊಲಿಗೆ ಬಿಚ್ಚಿದ ಮೇಲೆ ಗೊತ್ತಾಯಿತು. ಅಂಗೈಯೊಳಗೆ ಬೆರಳು ಮಡಿಸುವ ಎರಡು ನರ ತುಂಡಾಗಿದ್ದವಂತೆ. ಅವನು ಒಂದನ್ನು ಜೋಡಿಸಿದ್ದ. ಇನ್ನೊಂದನ್ನು ಹಾಗೇ ಬಿಟ್ಟು ಮೇಲೆ ಚರ್ಮ ಮುಚ್ಚಿದ್ದ. ಉಂಗುರದ ಬೆರಳು ಅರ್ಧ ಮಡಿಸುತ್ತಿತ್ತು. ಕಿರುಬೆರಳು ಕಡ್ಡಿಯ ಹಾಗೆ ನಿಂತೇ ಇತ್ತು. ಅರ್ಧ ಬೆರಳಾದರೂ ಉಳಿಯಿತಲ್ಲ, ಹೆಬ್ಬೆರಳಿಗೆ ಏನೂ ಆಗಲಿಲ್ಲವಲ್ಲ, ಬಲಗೈ ಹೋಗಿದ್ದರೆ ಮಕ್ಕಳ ಬಾಯಿಗೆ ತುತ್ತು ಇಡುವುದು ಹೇಗೆ ಎಂದು ನಾನು ಶಿವನಿಗೆ ಒಂದೊಂದಾಗಿ ಕೈಮುಗಿದೆ. ಕೈಮುಗಿಯುವಾಗಲೂ ಆ ಬೆರಳು ಬೇರೆಯೇ ನಿಲ್ಲುತ್ತಿತ್ತು.

ನಮ್ಮಲ್ಲಿ ಲಿಂಗಪೂಜೆ ಎಡಗೈಯಲ್ಲಿ. ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅದನ್ನೇ ನೋಡುತ್ತ ಕೂರುವುದು. ಎಡ ಅಂಗೈಯೇ ಗುಡಿ. ಬೆರಳುಗಳು ಸ್ವಲ್ಪ ಮೇಲೆದ್ದು ಗೋಡೆಯಾಗಿ ನಿಲ್ಲಬೇಕು. ನನ್ನ ಗುಡಿಗೆ ಒಂದು ಕಡೆ ಗೋಡೆ ಇಲ್ಲದಂತಾಯಿತು. ನೀರೆರೆದರೆ ಕಿರುಬೆರಳ ಕಡೆಯಿಂದ ಸುರಿದು ಹೋಗುತ್ತಿತ್ತು. ಒಂದು ಸೋಮವಾರ ಲಿಂಗವೇ ಜಾರಿತು. ಸೆರಗಿನಲ್ಲಿ ಬಿತ್ತು, ನೆಲ ಮುಟ್ಟಲಿಲ್ಲ. ಸೆರಗನ್ನು ಅಲ್ಲಿ ಹರವಿಸಿದವನು ಆ ಶಿವನೇ. ಆದರೆ ಆ ಗಳಿಗೆಯನ್ನು ನಾನು ಯಾರಿಗೂ ಮನ್ನಾ ಮಾಡಲು ತಯಾರಿರಲಿಲ್ಲ.

ನಮ್ಮನೆಯವರನ್ನು ಕರೆದುಕೊಂಡು ದೊಡ್ಡ ಸರ್ಜನ್ ಹತ್ತಿರ ಹೋದೆ. ಅವರು ಘಟ್ಟದ ಕೆಳಗಿನಿಂದ ಬಂದವರು, ನಮ್ಮ ಆಚಾರ ಅವರಿಗೆ ಹೊಸದು. ನನ್ನ ಕೈಯನ್ನು ತಿರುಗಿಸಿ ನೋಡಿದರು. ಆ ಹುಡುಗ ಹಿಂದೆ ನಿಂತಿದ್ದ.

"ಹುಡುಗರು ಹೀಗೇ ಕಲಿಯಬೇಕಮ್ಮ," ಅಂದರು. "ಬೆರಳು ಇದೆಯಲ್ಲ. ಸ್ವಲ್ಪ ಬಗ್ಗುವುದಿಲ್ಲ, ಅಷ್ಟೇ. ಅದೂ ಎಡಗೈ ತಾನೇ. ಊಟಕ್ಕೆ ಬಲಗೈ ಇದೆ, ಬಿಡಿ."

ನಮ್ಮನೆಯವರು ಕೆಮ್ಮಿದರು. ಆ ಹುಡುಗ ತಲೆ ತಗ್ಗಿಸಿದ. ಅವನ ಅಂಗಿಯ ಕೊರಳಿನಲ್ಲಿ ಲಿಂಗ ಕಟ್ಟಿಕೊಳ್ಳುವ ಶಿವದಾರ ಕಾಣುತ್ತಿತ್ತು. ಎಡಗೈ ಎಂದರೆ ಏನು ಎಂದು ಅವನಿಗೆ ಗೊತ್ತು, ಗೊತ್ತಿದ್ದೂ ಸುಮ್ಮನೆ ನಿಂತಿದ್ದಾನೆ. ದೊಡ್ಡವರ ಮೇಲಿಗಿಂತ ಅವನ ಮೇಲೆ ನನಗೆ ಹೆಚ್ಚು ಕಿಚ್ಚಾಯಿತು.

ಅಂದಿನಿಂದ ಪೂಜೆಗೆ ಕೂತಾಗಲೆಲ್ಲ ಅವನಿಗೆ ಕೇಡು ಬೇಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬೇಡಿದ್ದು ನಿಜ. ಅವನ ಕೈಗೂ ಹೀಗೇ ಆಗಲಿ, ಅವನ ಎದುರು ಕೂತವನೂ ಆಕಳಿಸಲಿ ಅಂತ. ಶಿವ ಏನೂ ಮಾಡಲಿಲ್ಲ. ಹಾಗಾದರೆ ನಾನೇ ಮಾಡಬೇಕು ಅಂದುಕೊಂಡೆ.

ಅವಕಾಶ ಮನೆಬಾಗಿಲಿಗೇ ಬಂತು. ನಮ್ಮ ಮನೆಯ ಮುಂದಿನ ಕೋಣೆ ಬಾಡಿಗೆಗೆ ಖಾಲಿ ಇತ್ತು. ಒಂದು ಸಂಜೆ ನಮ್ಮನೆಯವರು ಚಪ್ಪಲಿ ಬಿಡುತ್ತಲೇ ಅಂದರು:

"ಕೋಣೆ ಕೇಳ್ಕೊಂಡು ಒಬ್ರು ಬಂದಿದ್ರು ಕಣೆ. ಯಾರು ಅಂತ ಹೇಳಿದ್ರೆ ನೀನು ಬೈತೀಯ."

"ಹೇಳ್ರಿ."

"ಅದೇ, ನಿನ್ನ ಕೈ ಹೊಲಿದ ಡಾಕ್ಟ್ರು. ಆಸ್ಪತ್ರೆನಾಗೆ ಔಷಧಿ ಪೆಟ್ಟಿಗೆ ಇಡೋ ಕೋಣೆನಾಗೆ ಮಲಗ್ತಾರಂತೆ. ಬ್ಯಾಡ ಅಂದುಬಿಡ್ಲಾ?"

"ಯಾಕ ಬ್ಯಾಡ ಅಂತೀರಿ? ಕೊಡ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ನಿನ್ನ ಮನಸ್ಸು ದೊಡ್ದು," ಅಂದರು. ನಾನು ಒಲೆಗೆ ಸೌದೆ ನೂಕಿದೆ.

ಅವನು ಒಂದು ಟ್ರಂಕು, ಒಂದು ಸುತ್ತಿದ ಹಾಸಿಗೆ ಹಿಡಿದು ಬಂದ. ನನ್ನನ್ನು ನೋಡಿದವನೇ ಬಾಗಿಲಲ್ಲೇ ನಿಂತ. "ಕೈ ಹೆಂಗೈತೆ ಅಕ್ಕಾರೆ?" ಅಂದ. ನಾನು ಕೈಯನ್ನು ಸೆರಗಿನೊಳಗೆ ಮಾಡಿಕೊಂಡು, "ಐತೆ," ಅಂದೆ.

ಎರಡೇ ದಿನದಲ್ಲಿ ಅವನ ದಿನಚರಿ ನನಗೆ ಬಾಯಿಪಾಠವಾಯಿತು. ಸಂಜೆ ಹೋದರೆ ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದ. ಕೆಲವು ಸಲ ಹಗಲೂ ಅಲ್ಲೇ, ಮತ್ತೆ ರಾತ್ರಿಯೂ ಅಲ್ಲೇ. ಬಂದವನು ಕೈಕಾಲು ತೊಳೆದು, ಇಟ್ಟದ್ದನ್ನು ತಿಂದು, ಬಾಗಿಲು ಹಾಕಿಕೊಂಡರೆ ಮಂಚದ ಮೇಲೆ ಬಿದ್ದ ಸದ್ದು ಹೊರಗೆ ಕೇಳುತ್ತಿತ್ತು. ಅವನಿಗೆ ಬೇಕಾದದ್ದು ಒಂದೇ, ನಿದ್ದೆ. ಅವನ ಕೋಣೆಯ ಹಿಂದಿನ ಗೋಡೆಗೆ ತಾಗಿ ನಮ್ಮ ಹಿತ್ತಿಲು, ಹಿತ್ತಿಲಲ್ಲಿ ಒರಳು.

ಮೊದಲ ದಿನ ಖಾರ ಕುಟ್ಟಿದೆ. ಎರಡನೆಯ ದಿನ ಅರಿಶಿನ ಕುಟ್ಟಿದೆ. ಮೂರನೆಯ ದಿನ ಕುಟ್ಟಲು ಏನೂ ಇರಲಿಲ್ಲ, ಪಕ್ಕದ ಮನೆಯವರ ಖಾರ ಇಸಿದುಕೊಂಡು ಕುಟ್ಟಿದೆ. ಗಲ್ಲಿಯ ಹೆಂಗಸರನ್ನು ಶಾವಿಗೆ ಹೊಸೆಯಲು ನಮ್ಮ ಹಿತ್ತಿಲಿಗೇ ಕರೆದೆ. ಹಾಡು ಹೇಳಿರಿ ಅಂದೆ, ಇಲ್ಲದಿದ್ದರೆ ಶಾವಿಗೆ ಎಳೆ ಬರುವುದಿಲ್ಲ ಅಂದೆ. ಒನಕೆ ಹಿಡಿಯಲು ಬಲಗೈಯ ಜೊತೆಗೆ ಎಡಗೈಯ ಮೂರು ಬೆರಳು ಸಾಕಾಗಿದ್ದವು. ಅವನು ಹೊಲಿದ ಕೈಯಿಂದಲೇ ಅವನ ನಿದ್ದೆ ಕೆಡಿಸುತ್ತಿದ್ದೇನೆ ಎಂದು ಒಳಗೊಳಗೇ ಹಿಗ್ಗಿದೆ.

ಒಂದು ಬೆಳಿಗ್ಗೆ ಅವನು ಹಿತ್ತಿಲ ಬಾಗಿಲಿಗೆ ಬಂದು ನಿಂತ. ಕಣ್ಣು ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ್ದವು.

"ಅಕ್ಕಾರೆ, ಇದನ್ನ ಸಂಜೆ ಮುಂದೆ ಕುಟ್ಟಿದ್ರೆ ಆಗಲ್ಲೇನ್ರಿ?"

"ದೀಪ ಹಚ್ಚೋ ಹೊತ್ತಿಗೆ ಕುಟ್ಟಬಾರದು ಡಾಕ್ಟ್ರೆ. ಮನೆಗೆ ಒಳ್ಳೇದಲ್ಲ."

"ಮಧ್ಯಾಹ್ನ?"

"ಮಧ್ಯಾಹ್ನ ನಮ್ಮ ಅತ್ತೆಯೋರು ಮಲಗ್ತಾರೆ. ಪಾಪ, ವಯಸ್ಸಾದೋರು. ನಿದ್ದೆ ಬೇಕಲ್ಲ."

ಅವನು ಒಳಗೆ ಹೋದ. ಆ ದಿನ ಊಟಕ್ಕೆ ಕೂತವನು ತುತ್ತು ಕೈಯಲ್ಲಿರುವಾಗಲೇ ಕಣ್ಣು ಮುಚ್ಚಿದ, ಕೈ ಸಾರಿನೊಳಗೆ ಇಳಿಯಿತು. ನಾನು ಎಬ್ಬಿಸಲಿಲ್ಲ. ಸಾರು ಅವನ ತೋಳಿನವರೆಗೆ ಏರುವುದನ್ನು ನೋಡುತ್ತ ನಿಂತೆ. ಅತ್ತೆಯವರು ಅಡುಗೆಮನೆಯಿಂದ, "ಬಡಿಸೋಳು ನಗ್ತಾ ನಿಂತ್ರೆ ಉಣ್ಣೋನಿಗೆ ಮೈಗೆ ಹತ್ತಲ್ಲ ಕಣೆ," ಅಂದರು. ನಾನು ನಗುತ್ತಿದ್ದೇನೆ ಎಂದು ನನಗೆ ಆಗಲೇ ಗೊತ್ತಾದದ್ದು.

ಹೀಗೆ ಮೂರು ವಾರ ನಡೆಯಿತು. ಕುಟ್ಟಿ ಕುಟ್ಟಿ ನನ್ನ ಭುಜವೂ ಬಿದ್ದು ಹೋಗಿತ್ತು. ಆಗ ಗಲ್ಲಿಯಲ್ಲಿ ಪಿಂಜಾರ ಮುದುಕನ ಕೂಗು ಕೇಳಿತು. ಗಂಟುಗಟ್ಟಿದ ಹಾಸಿಗೆಯ ಹತ್ತಿಯನ್ನು ಬಿಲ್ಲಿನಿಂದ ಬಡಿದು ಬಿಡಿಸಿಕೊಡುವವನು. ಆಳುದ್ದದ ಬಿಲ್ಲು, ಅದರ ತಂತಿಗೆ ಮರದ ಗುಂಡಿನಿಂದ ಹೊಡೆದರೆ ಟಂಯ್ಯ್ ಎಂದು ಗಲ್ಲಿಗೆಲ್ಲ ಕೇಳುವ ಸದ್ದು. ನಾನು ಎರಡು ಹಾಸಿಗೆ ಬಿಚ್ಚಿ ಅವನನ್ನು ಸರಿಯಾಗಿ ಕೋಣೆಯ ಕಿಟಕಿಯ ಕೆಳಗೆ ಕೂರಿಸಿದೆ. ಡಾಕ್ಟರ್ ಹುಡುಗ ಆಗಷ್ಟೇ ಬಂದು ಬಾಗಿಲು ಹಾಕಿಕೊಂಡಿದ್ದ. ಬಿಡುವಿಲ್ಲದೆ ಮೂರನೆಯ ರಾತ್ರಿ ಪಾಳಿ ಮುಗಿಸಿ ಬಂದಿದ್ದ.

ಮುದುಕ ಸ್ವಲ್ಪ ಹೊತ್ತು ಬಡಿದು ನಿಲ್ಲಿಸಿದ.

"ಒಳಗೆ ಯಾರೋ ಮಲಗಿರಂಗೈತೆ ತಾಯಿ."

"ಮಲಗ್ಲಿ. ನೀನು ಬಡಿ ಸಾಬಣ್ಣ."

"ಮಲಗಿಲ್ಲ, ಹೊರಳಾಡ್ತೈತೆ ಜೀವ. ಮಂಚದ ಸದ್ದು ಕೇಳಲ್ಲೇನು? ಏನ್ ಕೆಲ್ಸ ಅವ್ರುದು?"

"ಡಾಕ್ಟ್ರು. ಕುಯ್ಯೋದು ಹೊಲಿಯೋದು ಕಲಿತಾರೆ."

ಅವನು ಬಿಲ್ಲನ್ನು ಕೆಳಗೇ ಇಟ್ಟ. ಬಲಗೈಯಿಂದ ತನ್ನ ಎಡಗೈ ಎತ್ತಿ ತೋರಿಸಿದ. ಹೆಬ್ಬೆರಳ ಗೆಣ್ಣು ಒಂದು ಕಡೆಗೆ ತಿರುಚಿಕೊಂಡಿತ್ತು.

"ಇದು ನೋಡ್ರಿ. ವಯಸ್ಸಿನಾಗೆ ಮೊಹರಂ ಅಂತ ಎರಡು ರಾತ್ರಿ ಕಣ್ಣು ಮುಚ್ಚಿರ್ಲಿಲ್ಲ. ಬೆಳಿಗ್ಗೆ ಬಿಲ್ಲು ಹಿಡಿದೆ. ನಿದ್ದೆಗೆಟ್ಟು ಬಂದೋರಿಗೆ ನಮ್ಮ ಉಸ್ತಾದ್ ಬಿಲ್ಲು ಮುಟ್ಟಾಕೆ ಬಿಡ್ತಿರ್ಲಿಲ್ಲ. ಅವತ್ತು ಅವ್ರು ಊರಾಗಿರ್ಲಿಲ್ಲ, ನಾನು ಜವಾನ, ಕೇಳ್ತೀನಾ? ಆಕಳಿಕೆ ಬರ್ತಿತ್ತು, ಬಾಯಿ ಮುಚ್ಚಾಕೂ ಆಗ್ತಿರ್ಲಿಲ್ಲ. ತಂತಿ ಮ್ಯಾಲೆ ಹೊಡೆದೆ ಅಂತ್ಲೇ ನಂಗೆ. ನೋಡಿದ್ರೆ ಬೆರಳ ಮ್ಯಾಲೆ. ಕಣ್ಣು ಬಿಟ್ಟಿರ್ತೈತೆ ತಾಯಿ, ಎಚ್ಚರ ಅದೀನಿ ಅಂತ ನಾವು ತಿಳ್ಕೊಂಡಿರ್ತೀವಿ. ಕೈ ಮಲಗಿರ್ತೈತೆ."

ನಾನು ನನ್ನ ಎಡಗೈಯನ್ನು ಸೆರಗಿನೊಳಗೆ ಮಾಡಿಕೊಂಡೆ.

"ನಂದಾದ್ರೆ ನನ್ನ ಬೆರಳು, ನಾನೇ ಅನುಭವಿಸ್ದೆ," ಅಂದ ಮುದುಕ. "ಇವ್ರುದು ಮಂದಿ ಮೈ. ಅವ್ರು ಏಳಲಿ. ಹತ್ತಿ ಎಲ್ಲಿಗೂ ಓಡಿಹೋಗಲ್ಲ."

ಆಕಳಿಕೆ. ಬಾಯಿ ಮುಚ್ಚಲೂ ಆಗದ ಆಕಳಿಕೆ. ಹಾಗಾದರೆ ಅವತ್ತು ಅವನು ನನ್ನನ್ನು ಗೋಣಿಚೀಲ ಅಂದುಕೊಂಡಿರಲಿಲ್ಲ. ನಾನಿದ್ದೇನೆ ಎಂಬುದೇ ಅವನಿಗೆ ಅರ್ಧ ಗೊತ್ತಿರಲಿಲ್ಲ. ಇದು ತಿಳಿದು ನನಗೆ ಸಮಾಧಾನವಾಗಲಿಲ್ಲ, ಮೈ ಉರಿಯಿತು. ಇಷ್ಟು ದಿನ ನೀರು ಹಾಕಿ ಬೆಳೆಸಿದ ಸಿಟ್ಟು ಸುಳ್ಳಾದರೆ ಯಾರಿಗೆ ತಾನೇ ಖುಷಿಯಾಗುತ್ತದೆ? ಇನ್ನೂ ಅದನ್ನು ಎಲ್ಲಿ ಇಡಬೇಕೆಂದು ಯೋಚಿಸುತ್ತ ನಿಂತಿದ್ದೆ. ಆಗ ಆಸ್ಪತ್ರೆಯ ಜವಾನ ಸೈಕಲ್ ಗೋಡೆಗೆ ಒರಗಿಸಿ ಒಳಗೆ ಬಂದ.

"ಡಾಕ್ಟ್ರನ್ನ ಎಬ್ಬಿಸ್ರಿ ಅಮ್ಮಾರೆ. ಹರಿಹರದಿಂದ ಒಂದು ಹುಡುಗಿ ಬಂದೈತೆ. ಕೆನ್ನೆ ಹರಿದೈತೆ. ದೊಡ್ಡ ಡಾಕ್ಟ್ರು ಇನ್ನೊಂದು ಆಪರೇಷನ್ನಾಗೆ ಅದಾರೆ, ಇವ್ರನ್ನೇ ಹೊಲಿ ಅಂದಾರೆ." ಆಮೇಲೆ ದನಿ ತಗ್ಗಿಸಿದ. "ಆ ಹುಡುಗಿ ನಿಮ್ಮ ತಂಗಿ ಮಗಳಂತೆ. ನಿಮ್ಮನ್ನೂ ಕರ್ಕೊಂಡು ಬಾ ಅಂದ್ರು."

ಡಾಕ್ಟರ್ ಹುಡುಗ ಆಗಲೇ ಬಾಗಿಲು ತೆರೆದು ನಿಂತಿದ್ದ. ಅಂಗಿಯ ಗುಂಡಿ ಒಂದರದ್ದು ಇನ್ನೊಂದಕ್ಕೆ ಹಾಕಿಕೊಂಡಿದ್ದ. ಜವಾನನ ಸೈಕಲ್ಲಿನ ಹಿಂದೆ ಕೂತು ಹೋದ. ನಾನು ಬರಿಗಾಲಲ್ಲಿ ನಡೆದೆ. ನಡೆದೆ ಅನ್ನುವುದಕ್ಕಿಂತ ಓಡಿದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ. ಮೂರು ರಾತ್ರಿ ಆಸ್ಪತ್ರೆ ಅವನ ನಿದ್ದೆ ಕಿತ್ತುಕೊಂಡಿದೆ. ಮೂರು ಹಗಲು ನಾನು ಕಿತ್ತುಕೊಂಡಿದ್ದೇನೆ. ಶಿವನ ಹತ್ತಿರ ನಾನು ಬೇಡಿದ್ದು ಅವನ ಕೈ ಕೆಡಲಿ ಅಂತ. ಆ ಕೈ ಯಾರ ಮೈಮೇಲೆ ಆಡುತ್ತದೆ ಅಂತ ನಾನು ಹೇಳಿರಲೇ ಇಲ್ಲ.

ತಂಗಿ ಆಸ್ಪತ್ರೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹೊಳೆಯ ಮೆಟ್ಟಿಲಲ್ಲಿ ಮಗಳು ಜಾರಿ, ತಾಮ್ರದ ಕೊಡದ ಬಾಯಿ ತಾಗಿ, ಕೆನ್ನೆಯಿಂದ ತುಟಿಯ ಮೂಲೆಯವರೆಗೆ ಹರಿದಿದೆ ಅಂದಳು. ಏಳು ವರ್ಷದ ಹುಡುಗಿ. "ಅಕ್ಕಾ, ಮುಖ ಅಕ್ಕಾ," ಅಷ್ಟನ್ನೇ ಹೇಳುತ್ತಿದ್ದಳು. ಹೆಣ್ಣುಮಗುವಿನ ಮುಖ ಎಂದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು.

ನಾನು ಹೊಲಿಗೆ ಹಾಕುವ ಕೋಣೆಯ ಬಾಗಿಲಿಗೆ ಹೋದೆ. ನರ್ಸಮ್ಮ ಮಗುವಿನ ಕೆನ್ನೆಗೆ ಬಟ್ಟೆ ಒತ್ತಿ ಹಿಡಿದಿದ್ದಳು. ಅವನು ಕೈ ತೊಳೆಯುತ್ತಿದ್ದ. ಬ್ರಷ್ಷು ಕೈಯಿಂದ ಜಾರಿತು. ಇನ್ನೊಂದನ್ನು ತೆಗೆದುಕೊಂಡ, ಅದೂ ಜಾರಿತು. ಆಮೇಲೆ ಸೂಜಿಗೆ ದಾರ ಪೋಣಿಸಲು ನಿಂತ. ಒಂದು ಸಲ ತಪ್ಪಿತು. ಎರಡು ಸಲ. ಮೂರನೆಯ ಸಲ ದಾರ ಸೂಜಿಯ ಪಕ್ಕದಿಂದ ಹೋಯಿತು, ಅವನು ಪೋಣಿಸಿಯಾಯಿತು ಎಂಬಂತೆ ಎಳೆಯಲು ಹೊರಟ. ಪಿಂಜಾರ ಮುದುಕ ಹೇಳಿದ್ದು ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು.

"ನಿಲ್ಲಿಸ್ರಿ," ಅಂದೆ. "ನೀವು ಹೊಲೀಬ್ಯಾಡ್ರಿ."

ಅವನು ತಿರುಗಿದ. ಬೈಯುತ್ತಾನೆ ಅಂದುಕೊಂಡೆ. ಮೆಲ್ಲಗೆ, "ನನ್ನ ಕೈಲಿ ಆಗ್ತಿಲ್ಲ ಅಕ್ಕಾರೆ," ಅಂದ. "ಆದ್ರೆ ಹಂಗೆ ಹೇಳಂಗಿಲ್ಲ ಇಲ್ಲಿ."

ಅಷ್ಟರಲ್ಲಿ ಆಪರೇಷನ್ ಮುಗಿಸಿದ್ದ ದೊಡ್ಡ ಸರ್ಜನ್ ಗದ್ದಲ ಕೇಳಿ ಪಕ್ಕದ ಕೋಣೆಯಿಂದ ಬಂದರು. ಕೈಗವಸು ಬಿಚ್ಚುತ್ತ, "ಯಾರಮ್ಮ ಇವರು? ಇಲ್ಲಿಯತನಕ ಯಾರು ಬಿಟ್ಟರು?" ಅಂದರು.

"ನಾನು ಈ ಮಗುವಿನ ದೊಡ್ಡಮ್ಮ. ಇವ್ರು ಮೂರು ದಿನದಿಂದ ಮಲಗಿಲ್ಲ. ಇವ್ರ ಕೈಲಿ ಹೊಲಿಸಬ್ಯಾಡ್ರಿ."

"ನಾವು ಕಲಿಯುವಾಗ ನಾಲ್ಕು ದಿನ ನಿಂತೇ ಇದ್ದೆವು. ಯಾರೂ ಸಾಯಲಿಲ್ಲ."

"ಆಗ ನಿಮ್ಮ ಕೈಲಿ ಹೊಲಿಸ್ಕೊಂಡೋರು ಎಲ್ಲದಾರ್ರಿ? ಒಬ್ರನ್ನ ಕರ್ಕೊಂಡು ಬರ್ರಿ, ನೋಡಾನ."

ನರ್ಸಮ್ಮ ನಗು ಕಾಣದಂತೆ ಮುಖ ಆ ಕಡೆ ತಿರುಗಿಸಿದಳು. ದೊಡ್ಡವರ ಕಿವಿ ಕೆಂಪಾಯಿತು. "ರಾತ್ರಿ ಕೆಲಸ ಮಾಡಿದವನು ಹಗಲು ಮಲಗಬೇಕು. ಮನೆಗೆ ಕಳಿಸಿರುತ್ತೇನಲ್ಲ. ಅಲ್ಲಿ ಏನು ಮಾಡುತ್ತಿದ್ದ?"

ಅದಕ್ಕೆ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಬಾಗಿಲಲ್ಲಿ ತಂಗಿ ನಿಂತಿದ್ದಳು. ಹೇಳದೆ ಇರಬಹುದಿತ್ತು.

"ಮಲಗಕ್ಕೆ ನಾನು ಬಿಡ್ಲಿಲ್ಲ," ಅಂದೆ. "ಇವ್ರ ತಲೆದಿಂಬಿನ ಹಿಂದೆ ಖಾರ ಕುಟ್ಟಿದೆ. ಬೇಕಂತ್ಲೇ ಕುಟ್ಟಿದೆ, ನನ್ನ ಕೈ ಕೆಡಿಸ್ಯಾರೆ ಅಂತ. ಹಗಲಿನ ತಪ್ಪು ನಂದು. ರಾತ್ರಿದು ನಿಮ್ದು. ನನ್ನ ಕೈ ಹೊಲಿದಾಗ ನಾನು ಕುಟ್ಟಿರ್ಲಿಲ್ಲ. ಅವತ್ತಿಂದು ಪೂರಾ ನಿಮ್ದೇ."

ತಂಗಿ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ.

"ಸರಿ, ನಾನೇ ಹೊಲಿಯುತ್ತೇನೆ," ಅಂದರು ದೊಡ್ಡವರು.

ನಾನು ಅವರ ಕಣ್ಣು ನೋಡಿದೆ. ಅವೂ ಆ ಹುಡುಗನ ಕಣ್ಣಿನ ಹಾಗೇ ಕೆಂಪಾಗಿದ್ದವು. "ನೀವು ರಾತ್ರಿ ಮಲಗಿದ್ರೇನ್ರಿ?" ಅಂದೆ.

ಅವರು ಬಿಚ್ಚಿದ ಕೈಗವಸನ್ನು ಸುರುಳಿ ಸುತ್ತಿದರು. ಬಹುಶಃ ಆ ಪ್ರಶ್ನೆಯನ್ನು ಅವರಿಗೆ ಅಲ್ಲಿಯತನಕ ಯಾರೂ ಕೇಳಿರಲಿಲ್ಲ. ನರ್ಸಮ್ಮನೇ ನಡುವೆ ಬಂದಳು. ಗಾಯ ಸ್ವಚ್ಛವಾಗಿದೆ, ರಕ್ತ ನಿಂತಿದೆ, ಒದ್ದೆ ಬಟ್ಟೆ ಕಟ್ಟಿ ಇಟ್ಟರೆ ಸಂಜೆಯವರೆಗೆ ಏನೂ ಆಗುವುದಿಲ್ಲ ಅಂದಳು. "ಚಿಕ್ಕ ಡಾಕ್ಟ್ರು ನಾಕು ತಾಸು ಮಲಗಿ ಏಳಲಿ ಸಾರ್," ಅಂದಳು. ದೊಡ್ಡವರು ಕೈಗವಸನ್ನು ತೊಟ್ಟಿಗೆ ಎಸೆದು, "ಕೆಟ್ಟರೆ ನನ್ನನ್ನು ಕೇಳಬೇಡಿ," ಎಂದು ಹೋದರು.

ಖಾಲಿ ಇದ್ದ ಮಂಚದ ಮೇಲೆ ಆ ಹುಡುಗ ಬೂಟು ಕೂಡ ಬಿಚ್ಚದೆ ಬಿದ್ದ. ನಾನು ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತೆ. ಬಕೆಟ್ ಎಳೆಯುತ್ತ ಬಂದ ಆಯಾಳನ್ನು ಕೈಸನ್ನೆಯಲ್ಲೇ ಓಡಿಸಿದೆ. ಜೋರಾಗಿ ಅಳುತ್ತಿದ್ದ ಯಾರದೋ ಕೂಸನ್ನು ಎತ್ತಿಕೊಂಡು ಅಂಗಳದ ಆ ತುದಿಗೆ ಹೋಗಿ ಮಲಗಿಸಿ ಬಂದೆ. ತಂಗಿ ನನ್ನಿಂದ ನಾಲ್ಕು ಮಾರು ದೂರ ಕೂತಿದ್ದಳು.

"ನನ್ನ ಮಗಳ ಮುಖಕ್ಕೆ ಏನಾದ್ರೂ ಆದ್ರೆ ಅಕ್ಕಾ, ನೀನು ತವರಿಗೆ ಬರಬ್ಯಾಡ," ಅಂದಳು.

"ಬರಲ್ಲ," ಅಂದೆ.

ಆ ನಾಲ್ಕು ತಾಸಿನಲ್ಲಿ ನಾನು ಅವನಿಗೆ ಒಳ್ಳೆಯದಾಗಲಿ ಎಂದು ಬೇಡಲಿಲ್ಲ. ನಿದ್ದೆ ಬರಲಿ ಎಂದಷ್ಟೇ ಬೇಡಿಕೊಂಡೆ. ಅಷ್ಟನ್ನು ಶಿವ ಕೊಟ್ಟ. ಅವನ ಗೊರಕೆ ಬಾಗಿಲಾಚೆ ಕೇಳುತ್ತಿತ್ತು.

ಮಿಲ್ಲಿನ ಮಧ್ಯಾಹ್ನದ ಕೂಗಿನ ಮೇಲೆ ಬಹಳ ಹೊತ್ತಿಗೆ ಎದ್ದ. ಮುಖ ತೊಳೆದ, ಒಂದು ಲೋಟ ನೀರು ಕುಡಿದ. ಸೂಜಿಗೆ ದಾರ ಒಂದೇ ಸಲಕ್ಕೆ ಹೋಯಿತು. ನರ್ಸಮ್ಮ ನನ್ನನ್ನು ಮಗುವಿನ ಕಾಲು ಹಿಡಿದುಕೊಳ್ಳಲು ಒಳಗೆ ಕರೆದಳು. ಅವನು ಹನ್ನೊಂದು ಹೊಲಿಗೆ ಹಾಕಿದ. ಹನ್ನೊಂದನೆಯದು ಮೊದಲನೆಯದರ ಹಾಗೇ ಇತ್ತು. ತುಟಿಯ ಮೂಲೆಗೆ ಬಂದಾಗ ಕೈ ನಿಂತಿತು, ಆದರೆ ಅದು ಯೋಚಿಸಲು ನಿಂತದ್ದು. ನನಗೆ ಆ ವ್ಯತ್ಯಾಸ ಈಗ ಕಾಣುತ್ತಿತ್ತು. ಆ ಹುಡುಗಿಗೆ ಈಗ ಮಕ್ಕಳಿದ್ದಾರೆ. ನಕ್ಕರೆ ಕೆನ್ನೆಯ ಮೇಲೆ ಒಂದು ಸಣ್ಣ ಗೆರೆ ಬರುತ್ತದೆ, ಗುಳಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ತಂಗಿ ನನ್ನ ಜೊತೆ ಮಾತಾಡಲು ಒಂದು ವರ್ಷ ಹಿಡಿಯಿತು. ಒಂದೇ ವರ್ಷ ಹಿಡಿಯಿತು ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ.

ಮರುದಿನ ಆ ಹುಡುಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ:

"ಅಕ್ಕಾರೆ, ಅವತ್ತು ನಿಮ್ಮ ಎರಡನೇ ನರ ನನಗೆ ಕಾಣ್ತು. ಹೊಲೀಬೇಕು ಅಂದ್ಕೊಂಡೆ. ಹೊಲಿದೆ ಅಂತ್ಲೇ ತಿಳ್ಕೊಂಡಿದ್ದೆ. ದಾರ ಕತ್ತರಿಸಿದ್ದೂ ನೆನಪೈತೆ ನನಗೆ. ಹೊಲಿಗೆ ಬಿಚ್ಚಿದ ದಿನ ಗೊತ್ತಾತು, ಅದು ನಡದೇ ಇಲ್ಲ ಅಂತ. ನಿಂತಲ್ಲೇ ಕನಸು ಬಿದ್ದಿತ್ತು." ಆಮೇಲೆ, "ಕ್ಷಮಿಸ್ರಿ," ಅಂದ.

"ಕೇಳಬ್ಯಾಡ್ರಿ," ಅಂದೆ. "ನನಗೆ ಅದು ಬರಲ್ಲ. ಊಟಕ್ಕೆ ಕೂಡ್ರಿ."

ಕೂತ. ಆಮೇಲೆ ಹನ್ನೊಂದು ತಿಂಗಳು ನಮ್ಮ ಮನೆಯಲ್ಲಿದ್ದ. ಅವನು ಮಲಗಿದ ಹೊತ್ತಿನಲ್ಲಿ ನಮ್ಮ ಹಿತ್ತಿಲಲ್ಲಿ ಒಂದು ಪಾತ್ರೆ ಸದ್ದಾಗಲು ನಾನು ಬಿಡಲಿಲ್ಲ. ಅದು ಅವನ ಮೇಲಿನ ಪ್ರೀತಿಗಲ್ಲ. ಅವನ ಸೂಜಿಯ ಕೆಳಗೆ ನಾಳೆ ಯಾರ ಮಕ್ಕಳು ಬರುತ್ತಾರೋ ಎಂಬ ಹೆದರಿಕೆಗೆ. ಕ್ಷಮೆ ಆಗಲೂ ಕೊಡಲಿಲ್ಲ, ಇವತ್ತಿಗೂ ಕೊಟ್ಟಿಲ್ಲ. ಲಿಂಗ ಜಾರಿದ ಗಳಿಗೆ ನೆನಪಾದರೆ ಈಗಲೂ ಹಲ್ಲು ಕಚ್ಚುತ್ತೇನೆ.

ಆದರೆ ಸಿಟ್ಟಿನ ದೊಡ್ಡ ಪಾಲಿಗೆ ಬೇರೆ ವಾರಸುದಾರ ಸಿಕ್ಕಿದ್ದರು. ಎಡಗೈ ತಾನೇ ಅಂದವರು. ಅವರ ಹತ್ತಿರ ನನ್ನಂಥವಳು ಹೋಗಿ ಏನು ಮಾಡಲಾದೀತು? ದೂರು ಬರೆಯುವ ರೀತಿ ತಿಳಿದಿರಲಿಲ್ಲ, ಬರೆದರೆ ಓದುವವರು ಯಾರು ಎಂದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಸೋಮವಾರದ ಭಜನೆ. ಮಂಗಳಾರತಿ ಆದ ಮೇಲೆ ಪ್ರಸಾದ ಹಂಚುವಾಗ ನನ್ನ ಎಡಗೈ ಮುಂದೆ ಮಾಡಿದೆ. ಎಲ್ಲರೂ ಆ ಬೆರಳು ನೋಡಿದರು. ಲಿಂಗ ಸೆರಗಿಗೆ ಬಿದ್ದದ್ದನ್ನು ಹೇಳಿದೆ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಆಮೇಲೆ ನಾನು ಖಾರ ಕುಟ್ಟಿದ್ದನ್ನೂ ಹೇಳಿದೆ, ಬಿಡಲಿಲ್ಲ. ಕೊನೆಗೆ ಹೇಳಿದೆ, ಆ ಆಸ್ಪತ್ರೆಯಲ್ಲಿ ಯಾರೇ ಸೂಜಿ ಹಿಡಿದು ಬಂದರೂ ಮೊದಲು ಒಂದು ಮಾತು ಕೇಳಿರಿ, ರಾತ್ರಿ ಮಲಗಿದ್ರೇನ್ರಿ ಅಂತ. ಮರ್ಯಾದೆಯಿಂದಲೇ ಕೇಳಿರಿ. ಉತ್ತರ ಬರುವ ತನಕ ಕೈ ಕೊಡಬೇಡಿರಿ.

ಆ ಮಾತು ನಮ್ಮ ಗಲ್ಲಿಯಿಂದ ಮಿಲ್ಲಿನ ಗೇಟಿಗೆ ಹೋಯಿತು. ಗಾಯ ಮಾಡಿಕೊಂಡು ಬರುವವರಲ್ಲಿ ಮಿಲ್ಲಿನವರೇ ಹೆಚ್ಚು. ಅವರಿಗೆ ಪಾಳಿ ಎಂದರೆ ಏನು ಎಂದು ಹೇಳಿಕೊಡಬೇಕಾಗಿರಲಿಲ್ಲ, ಎರಡು ಪಾಳಿ ಮಾಡಿ ಮಗ್ಗಕ್ಕೆ ಬೆರಳು ಕೊಟ್ಟವರು ಅವರಲ್ಲೇ ಇದ್ದರು. ಪಿಂಜಾರ ಮುದುಕ ಅದನ್ನು ಬಿಲ್ಲಿನ ಜೊತೆ ಊರೂರಿಗೆ ಹೊತ್ತನಂತೆ. ಹರಿಹರದ ಬಸ್ಸಿನಲ್ಲಿ ಬಂದ ರೋಗಿಗಳೂ ಕೇಳತೊಡಗಿದರು.

ಒಂದು ದಿನ ಅರಿಶಿನ ಕುಂಕುಮಕ್ಕೆ ಅಂತ ಒಬ್ಬರ ಮನೆಗೆ ಹೋಗಿದ್ದೆ. ದೊಡ್ಡ ಸರ್ಜನ್ ಅವರ ಹೆಂಡತಿ ನನ್ನ ಪಕ್ಕ ಬಂದು ಕೂತರು. ಒಳ್ಳೆಯ ಹೆಂಗಸು, ಅವರ ಮೇಲೆ ನನಗೆ ಏನೂ ಇರಲಿಲ್ಲ.

"ನೀವೇ ಅಲ್ಲವೇ ಅದನ್ನು ಶುರು ಮಾಡಿದ್ದು?" ಅಂದರು. "ಮಾರ್ಕೆಟ್ಟಿಗೆ ಹೋದರೆ ತರಕಾರಿಯವಳು ನನ್ನನ್ನು ಕೇಳುತ್ತಾಳೆ, ಡಾಕ್ಟ್ರು ನಿನ್ನೆ ಮಲಗಿದ್ರಾ ಅಮ್ಮಾರೆ ಅಂತ. ಗಂಡ ಮಲಗಿದ್ದನೋ ಇಲ್ಲವೋ ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗಬೇಕೇ ನಾನು?"

ಸುತ್ತ ಕೂತವರು ನಕ್ಕರು. ಅವರಿಗೂ ನಗು ಬಂತು, ತಡೆದುಕೊಂಡರು.

"ಈಗ ಇಬ್ಬರು ಹುಡುಗರನ್ನು ಇಟ್ಟಿದ್ದಾರೆ," ಅಂದರು. "ಒಬ್ಬನ ರಾತ್ರಿ ಇನ್ನೊಬ್ಬನಿಗೆ ಇಲ್ಲ. ಇವರೂ ಮಧ್ಯಾಹ್ನ ಒಂದು ತಾಸು ಮಲಗುತ್ತಾರೆ. ಆದರೆ ಊಟಕ್ಕೆ ಕೂತರೆ ದಿನಾ ನಿಮ್ಮನ್ನು ಬೈಯುತ್ತಾರೆ. ಆ ಬೆರಳಿನವಳು ಅಂತ. ಇನ್ನಾದರೂ ಸಾಕು ಅಂತ ಹೇಳಿಬಿಡಿ ನಿಮ್ಮ ಹೆಂಗಸರಿಗೆ."

"ದಿನಾ ಬೈತಾರೇನ್ರಿ?" ಅಂದೆ.

"ದಿನಾ."

"ಎರಡು ಹೊತ್ತೂ?"

"ಎರಡು ಹೊತ್ತೂ."

ನಾನು ಅವರ ಹಣೆಗೆ ಕುಂಕುಮ ಇಟ್ಟೆ. ಉಡಿಯಲ್ಲಿ ಬಾಳೆಹಣ್ಣು ಹಾಕಿದೆ. ಹೇಳಿಬಿಡುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಆ ದಿನ ಮನೆಗೆ ಬಂದವಳು, ಅತ್ತೆಯವರು ಬಡಿದಿಟ್ಟಿದ್ದ ರೊಟ್ಟಿಯಲ್ಲಿ ಒಂದು ಹೆಚ್ಚಿಗೆ ತಿಂದೆ.